ಆಪ್ತ ಕಾರ್ಯದರ್ಶಿಯ ರಣಯಾತ್ರೆ

ರಾಜಕಾರಣದ ರಂಗದಲ್ಲಿ ಆಪ್ತ ಕಾರ್ಯದರ್ಶಿಯ ಸ್ಥಾನವು ವಿಚಿತ್ರವಾದುದು. ನಾಯಕನ ಮಾತನ್ನು ಎಲ್ಲರಿಗಿಂತ ಮೊದಲು ಕೇಳುವವನು ಅವನು. ಆದರೆ ಅವನ ಮಾತನ್ನು ಕೇಳುವವರು ಯಾರೂ ಇರುವುದಿಲ್ಲ. ಪತ್ರದ ಒಕ್ಕಣೆ ಅವನದು, ಸಹಿ ಇನ್ನೊಬ್ಬರದು. ಬಯಲಾಟದಲ್ಲಿ ಶ್ರುತಿ ಹಿಡಿದು ಕುಳಿತವನ ಮುಖವನ್ನು ಪ್ರೇಕ್ಷಕರು ನೋಡುವುದುಂಟೆ? ವೇಷಕ್ಕೆ ಚಪ್ಪಾಳೆ ಬೀಳುತ್ತದೆ. ಬೆಳಗಾದೊಡನೆ ಶ್ರುತಿಪೆಟ್ಟಿಗೆಯು ಗಂಟುಮೂಟೆಯೊಡನೆ ಮುಂದಿನ ಊರಿಗೆ ಸಾಗುತ್ತದೆ. ಇಂತಹ ಶ್ರುತಿ ಹಿಡಿದ ಕೈಯೇ ಒಂದು ದಿನ ಕೋವಿಯನ್ನು ಹಿಡಿದ ಕಥೆಯೊಂದುಂಟು. ಅದರ ನಾಯಕರು ಹೈದರಾಬಾದಿನ ಆಬಿದ್ ಹಸನ್ ಸಫ್ರಾನಿ; ನೇತಾಜಿ ಸುಭಾಷಚಂದ್ರ ಬೋಸರ ಆಪ್ತ ಕಾರ್ಯದರ್ಶಿಗಳಾಗಿದ್ದು, ಮುಂದೆ ಆಜಾದ್ ಹಿಂದ್ ಫೌಜಿನ ಮೇಜರ್ ಆಗಿ ಇಂಫಾಲದ ರಣರಂಗವನ್ನು ಕಂಡವರು.

ಈ ಕಥೆಯ ಎರಡು ತುದಿಗಳಲ್ಲಿ ಇಬ್ಬರು ಮಂಗಳೂರಿನವರು ನಿಂತಿದ್ದಾರೆ. ಮೊದಲನೆಯವರು ಹರಿ ವಿಷ್ಣು ಕಾಮತರು. 1907ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು ಎಲ್ಲರೂ ಹಂಬಲಿಸುವ ಐ.ಸಿ.ಎಸ್. ಅಧಿಕಾರವನ್ನು 1938ರಲ್ಲಿ ಬಿಸುಟು ಬಂದರು. ಬೋಸರು ಮರುವರ್ಷ ಸ್ಥಾಪಿಸಿದ ಫಾರ್ವರ್ಡ್ ಬ್ಲಾಕಿನ ಕಾರ್ಯದರ್ಶಿಗಳಾಗಿ ದುಡಿದರು. ನಾಯಕರು ದೇಶವನ್ನು ಬಿಟ್ಟು ಹೋದರು. ಕಾಮತರು ದೇಶದಲ್ಲಿಯೇ ಉಳಿದು ಸೆರೆಮನೆಯನ್ನು ಕಂಡರು. ಮುಂದೆ ಸಂವಿಧಾನ ಸಭೆಯಲ್ಲಿ ನಿರ್ಭೀತ ಸದಸ್ಯರೆಂದು ಹೆಸರಾದರು. ಎರಡನೆಯವರು ಅತ್ತಾವರದ ಎಲ್ಲಪ್ಪನವರು. ಊರಿನ ಹೆಸರನ್ನೇ ತಮ್ಮ ಹೆಸರಿಗೆ ಮುಂದಿಟ್ಟುಕೊಂಡು ಕಡಲಾಚೆಗೆ ಹೋಗಿ ಸಿಂಗಪುರದಲ್ಲಿ ಬ್ಯಾರಿಸ್ಟರರಾಗಿದ್ದ ಅವರು ಅಲ್ಲಿನ ಭಾರತ ಸ್ವಾತಂತ್ರ್ಯ ಸಂಘದ ಮುಂದಾಳುಗಳಲ್ಲಿ ಒಬ್ಬರು. 1943ರ ಅಕ್ಟೋಬರ್ 21ರಂದು ಸಿಂಗಪುರದಲ್ಲಿ ಘೋಷಿತವಾದ ಆಜಾದ್ ಹಿಂದ್ ತಾತ್ಕಾಲಿಕ ಸರಕಾರದ ಸಲಹೆಗಾರರ ಪಟ್ಟಿಯಲ್ಲಿ ಅವರ ಹೆಸರಿದೆ. ಬರ್ಮಾದ ಕಾಡುಗಳಿಂದ ಅವರು ಅತ್ತಾವರಕ್ಕೆ ಹಿಂದಿರುಗಲಿಲ್ಲ.

ಒಬ್ಬರು ನಾಯಕರನ್ನು ಈ ದಡದಲ್ಲಿ ಬೀಳ್ಕೊಂಡ ಪೀಳಿಗೆಗೆ ಸೇರಿದವರು. ಇನ್ನೊಬ್ಬರು ಆ ದಡದಲ್ಲಿ ಎದುರುಗೊಂಡವರು. ಇವೆರಡು ದಡಗಳ ನಡುವಣ ಕಡಲನ್ನು ನಾಯಕರೊಡನೆ ದಾಟಿದ ಭಾರತೀಯನು ಒಬ್ಬನೇ. ಅವನೇ ಆಬಿದ್ ಹಸನ್.

ಆಶ್ರಮದಿಂದ ಬರ್ಲಿನ್ನಿಗೆ

ಆಬಿದ್ ಹಸನರು 1911ರಲ್ಲಿ ಹೈದರಾಬಾದಿನಲ್ಲಿ ಜನಿಸಿದರು. ಆಗ ಕಲಬುರಗಿ, ಬೀದರ, ರಾಯಚೂರುಗಳ ಕನ್ನಡಿಗರೂ ಅದೇ ನಿಜಾಮರ ಪ್ರಜೆಗಳು. ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು. ಈ ಊರುಗಳೆಲ್ಲ ಒಂದೇ ರಾಜ್ಯದ ಮಡಿಲಿಗೆ ಬರಲು 1956ರ ನವೆಂಬರ್ 1ರವರೆಗೆ ಕಾಯಬೇಕಾಗಿತ್ತು. ನಿಜಾಮರ ರಾಜಧಾನಿಯ ಸಂಪನ್ನ ಕುಟುಂಬಗಳಿಗೆ ಬ್ರಿಟಿಷರ ಮೇಲೆ ಮುನಿಸಿಕೊಳ್ಳಲು ವಿಶೇಷ ಕಾರಣಗಳಿರಲಿಲ್ಲ. ಆದರೆ ಹಸನರ ಮನೆಯ ಗಾಳಿಯೇ ಬೇರೆ. ತಾಯಿ ಫಖ್ರುಲ್ ಹಾಜಿಯಾ ಬೇಗಂ ಕಟ್ಟಾ ರಾಷ್ಟ್ರೀಯ ಮನೋಭಾವದವರು, ಖಾದಿಯನ್ನು ಒಪ್ಪಿಕೊಂಡವರು. ಅಣ್ಣ ಬದ್ರುಲ್ ಹಸನರು ಗಾಂಧೀಜಿಯವರ ಬಳಗಕ್ಕೆ ಸೇರಿದ್ದವರು.

ಇಂತಹ ಮನೆಯ ಹುಡುಗನು ಕಾಲೇಜಿನ ಬೆಂಚಿನಲ್ಲಿ ಸುಮ್ಮನೆ ಕುಳಿತಾನೆಯೆ? ಕಾಯಿದೆಭಂಗದ ಕಾಲದಲ್ಲಿ ಆಬಿದರು ಓದನ್ನು ಬಿಟ್ಟು ಹೊರಬಂದರು. ಕೆಲಕಾಲ ಸಾಬರಮತಿ ಆಶ್ರಮದಲ್ಲಿದ್ದರು. ನಾಸಿಕದ ಸೆರೆಮನೆಯನ್ನೂ ಕಂಡರು. ಬಳಿಕ ಯಂತ್ರಶಾಸ್ತ್ರದ ವ್ಯಾಸಂಗಕ್ಕೆಂದು ಜರ್ಮನಿಗೆ ತೆರಳಿದರು. ಓದು ಮುಗಿಯುವ ಮೊದಲೇ ಎರಡನೆಯ ಮಹಾಯುದ್ಧವು ಯುರೋಪನ್ನು ನುಂಗತೊಡಗಿತು.

ಇತ್ತ 1941ರ ಜನವರಿಯಲ್ಲಿ ಸುಭಾಷರು ಕಲಕತ್ತೆಯ ಎಲ್ಗಿನ್ ರಸ್ತೆಯ ತಮ್ಮ ಮನೆಯಿಂದ ಪೊಲೀಸರ ಕಣ್ಣು ತಪ್ಪಿಸಿ ಹೊರಬಿದ್ದು, ಕಾಬೂಲು, ಮಾಸ್ಕೋಗಳ ಮಾರ್ಗವಾಗಿ ಬರ್ಲಿನ್ನನ್ನು ಸೇರಿದ್ದರು. ಅಲ್ಲಿ ಅವರ ಹೆಸರು ಒರ್ಲಾಂಡೊ ಮಜೊಟ್ಟಾ. ಅವರನ್ನು ಕಂಡ ಭಾರತೀಯ ವಿದ್ಯಾರ್ಥಿಗಳಲ್ಲಿ ಹಸನರೂ ಒಬ್ಬರು. ಪದವಿ ಪಡೆದು ಬರುತ್ತೇನೆಂದು ಹೇಳಿ ಹೋಗಬಹುದಾಗಿತ್ತು. ಆದರೆ ಅವರು ಓದನ್ನು ಎರಡನೆಯ ಬಾರಿ ಅರ್ಧಕ್ಕೆ ಬಿಟ್ಟರು. ನಾಯಕರಿಗೆ ಜರ್ಮನ್ ಭಾಷೆ ಬಲ್ಲ ದುಭಾಷಿಯೂ ಬೇಕಾಗಿತ್ತು, ನಂಬಿಕೆಯ ಕಾರ್ಯದರ್ಶಿಯೂ ಬೇಕಾಗಿತ್ತು. ಎರಡೂ ಕೆಲಸಗಳು ಹಸನರ ಹೆಗಲೇರಿದವು.

ಎರಡು ಪದಗಳ ಹುಟ್ಟು

1941ರ ನವೆಂಬರಿನಲ್ಲಿ ಬರ್ಲಿನ್ನಿನಲ್ಲಿ ಸ್ವತಂತ್ರ ಭಾರತ ಕೇಂದ್ರವು ಆರಂಭವಾಯಿತು. ಉತ್ತರ ಆಫ್ರಿಕಾದ ಯುದ್ಧಗಳಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರನ್ನು ಜರ್ಮನರು ಅನ್ನಾಬುರ್ಗ್ ಶಿಬಿರದಲ್ಲಿ ಕೂಡಿಹಾಕಿದ್ದರು. ಅವರ ಮನಸ್ಸನ್ನು ಒಲಿಸಿ ಒಂದು ಸೇನೆಯನ್ನು ಕಟ್ಟಬೇಕು. ಹಸನರು, ಎನ್. ಜಿ. ಸ್ವಾಮಿ ಮೊದಲಾದ ತರುಣರು ಈ ಕೆಲಸಕ್ಕೆ ಇಳಿದರು. ಅದು ಹೂವಿನ ಹಾಸಿಗೆಯಾಗಿರಲಿಲ್ಲ. ರಾಜನಿಷ್ಠೆಯ ಪ್ರಮಾಣ ಮಾಡಿದ್ದ ಹಳೆಯ ಸಿಪಾಯಿಗಳು ಮೊದಲಲ್ಲಿ ಕಟುವಾಗಿಯೇ ವಿರೋಧಿಸಿದರು. ಕ್ರಮೇಣ ಸುಮಾರು 3,000 ಮಂದಿಯ ಪಡೆಯೊಂದು ಸಿದ್ಧವಾಯಿತು.

ಬ್ರಿಟಿಷರ ಸೇನೆಯಲ್ಲಿ ಮತ, ಜಾತಿ, ಪ್ರಾಂತಗಳಿಗನುಗುಣವಾಗಿ ಬೇರೆ ಬೇರೆ ತುಕಡಿಗಳು. ಬೇರೆ ಬೇರೆ ಅಡುಗೆಮನೆಗಳು. ನಮಸ್ಕಾರವೂ ಬೇರೆ ಬೇರೆ: ಒಬ್ಬನು ರಾಮರಾಮ ಎಂದರೆ ಇನ್ನೊಬ್ಬನು ಸಲಾಮ್ ಎನ್ನುವನು, ಮತ್ತೊಬ್ಬನು ಸತ್ ಶ್ರೀ ಅಕಾಲ್ ಎನ್ನುವನು. ಹೊಸ ಪಡೆಯಲ್ಲಿ ಎಲ್ಲರನ್ನೂ ಬೆರಸಿ ನಿಲ್ಲಿಸಬೇಕೆಂಬುದು ಸುಭಾಷರ ಹಟ. ಬೆರೆತವರಿಗೆ ಒಂದೇ ವಂದನೆಯೂ ಬೇಕಲ್ಲವೆ? ‘ಜಯ ಹಿಂದ್’ ಎಂಬ ಎರಡು ಪದಗಳನ್ನು ಸೂಚಿಸಿದವರು ಹಸನರೆಂದು ಅವರನ್ನು ಬಲ್ಲವರು ಬರೆದಿದ್ದಾರೆ. ಈ ಮಾತನ್ನು ಅದಕ್ಕೂ ಹಿಂದೆಯೇ ಚೆಂಪಕರಾಮನ್ ಪಿಳ್ಳೆಯವರು ಬಳಸಿದ್ದರೆಂಬ ವಾದವೂ ಉಂಟು. ಏನೇ ಇರಲಿ, ಅದು ಶಿಬಿರದ ಅಂಗಳದಲ್ಲಿ ದಿನನಿತ್ಯದ ವಂದನೆಯಾಗಿ ಬೇರೂರಿದ್ದು ಹಸನರ ಕಾಲದಲ್ಲಿ, ಅವರ ಕಣ್ಣೆದುರಿನಲ್ಲಿ.

‘ಸಫ್ರಾನಿ’ ಎಂಬ ಹೆಸರಿನ ಹಿಂದೆಯೂ ಇಂತಹುದೇ ಒಂದು ಸಂಗತಿಯಿದೆ. ಧ್ವಜದ ಬಣ್ಣದ ವಿಷಯದಲ್ಲಿ ಹಿಂದುಗಳು ಕೇಸರಿಯನ್ನೂ ಮುಸಲ್ಮಾನರು ಹಸುರನ್ನೂ ಹಿಡಿದು ವಾದಿಸಿದರಂತೆ. ಕೊನೆಗೆ ಹಿಂದುಗಳು ತಮ್ಮ ಪಟ್ಟನ್ನು ಸಡಿಲಿಸಿದರು. ಆ ಔದಾರ್ಯವನ್ನು ಕಂಡ ಹಸನರು, ಅವರು ಬಿಟ್ಟುಕೊಟ್ಟ ಕೇಸರಿಯನ್ನು ತಮ್ಮ ಹೆಸರಿನ ತುದಿಗೇ ಕಟ್ಟಿಕೊಂಡರು. ಗೆದ್ದವನು ಸೋತವನ ಬಣ್ಣವನ್ನು ಧರಿಸುವುದು ಲೋಕದಲ್ಲಿ ಅಪರೂಪ.

ಆದರೆ ಬರ್ಲಿನ್ನಿನಿಂದ ಭಾರತಕ್ಕೆ ದಾರಿ ತೆರೆಯಲಿಲ್ಲ. 1942ರ ಮೇ ತಿಂಗಳಿನಲ್ಲಿ ಸುಭಾಷರು ಹಿಟ್ಲರನನ್ನು ಭೇಟಿಯಾದರು. ಭಾರತದ ಸ್ವಾತಂತ್ರ್ಯಕ್ಕೆ ಬೆಂಬಲದ ಬಹಿರಂಗ ಘೋಷಣೆ ದೊರೆಯಲಿಲ್ಲ. ಶತ್ರುವಿನ ಶತ್ರುವು ಮಿತ್ರನೆಂಬ ನೀತಿಯ ಮಿತಿಯು ಅಲ್ಲಿಯೇ ತಿಳಿಯಿತು. ನಾಜಿಗಳ ಕ್ರೌರ್ಯದ ಪೂರ್ಣ ಚಿತ್ರವನ್ನು ಬಲ್ಲ ನಂತರದ ಪೀಳಿಗೆಯು ಆ ನೆರಳಿನಲ್ಲಿ ನಡೆದ ಈ ಪ್ರಯತ್ನವನ್ನು ಅಳುಕಿಲ್ಲದೆ ನೋಡಲಾರದು. ಅತ್ತ ಪೂರ್ವ ಏಷ್ಯದಲ್ಲಿ ಸಿಂಗಪುರವು ಜಪಾನಿಗೆ ಶರಣಾಗಿತ್ತು. ಅಲ್ಲಿ ಸಾವಿರಾರು ಭಾರತೀಯ ಸೈನಿಕರಿದ್ದರು. ನಾಯಕರ ಕಣ್ಣು ಅತ್ತ ತಿರುಗಿತು.

ಕಡಲಿನ ಒಡಲಿನಲ್ಲಿ

1943ರ ಫೆಬ್ರವರಿ 9ರಂದು ಜರ್ಮನಿಯ ಕೀಲ್ ಬಂದರಿನಿಂದ ಯು-180 ಎಂಬ ಜಲಾಂತರ್ಗಾಮಿ ನೌಕೆಯು ಹೊರಟಿತು. ಅದರ ಅಧಿಪತಿ ವೆರ್ನರ್ ಮುಸೆನ್‌ಬೆರ್ಗ್. ಒಳಗೆ ಇಬ್ಬರು ಭಾರತೀಯರು: 46 ವರ್ಷದ ನಾಯಕ, 31 ವರ್ಷದ ಕಾರ್ಯದರ್ಶಿ.

ಮಂಗಳೂರಿನವರಿಗೆ ಕಡಲು ಹೊಸದಲ್ಲ. ಆದರೆ ಕಡಲಿನ ಅಡಿಯಲ್ಲಿ ಬದುಕುವುದೆಂದರೇನು? ಕೈಚಾಚಿದರೆ ಗೋಡೆ, ತಲೆಯೆತ್ತಿದರೆ ಕೊಳವೆ. ಗಾಳಿಯಲ್ಲಿ ಡೀಸೆಲ್ ಎಣ್ಣೆಯ ವಾಸನೆ; ತಿನ್ನುವ ರೊಟ್ಟಿಯಲ್ಲೂ ಅದೇ ವಾಸನೆ. ನಾಯಕರಿಗೆ ಆ ಊಟ ಸೇರದುದನ್ನು ಕಂಡ ಹಸನರು ನೌಕೆಯ ಉಗ್ರಾಣವನ್ನು ತಡಕಿ ಅಕ್ಕಿಬೇಳೆಗಳನ್ನು ಹುಡುಕಿ ತೆಗೆದು ಖಿಚಡಿಯನ್ನು ಬೇಯಿಸಿದರು. ಸುಭಾಷರು ಅದನ್ನು ಒಬ್ಬರೇ ಉಣ್ಣಲಿಲ್ಲ. ಜರ್ಮನ್ ಅಧಿಕಾರಿಗಳನ್ನೂ ಕರೆದು ಬಡಿಸಿದರು. ಅತಿಥಿಗಳ ಸಂಖ್ಯೆ ಹೆಚ್ಚಿದಂತೆ ಅಕ್ಕಿಯ ಚೀಲವು ಕರಗುತ್ತಿರುವುದನ್ನು ಕಂಡು ಕಾರ್ಯದರ್ಶಿಯ ಎದೆ ಡವಗುಟ್ಟುತ್ತಿತ್ತು. ಸಂಸಾರವನ್ನು ನಡೆಸಿದ ಯಾವ ಗೃಹಿಣಿಗೂ ಈ ಕಳವಳವನ್ನು ವಿವರಿಸಬೇಕಾಗಿಲ್ಲ.

ದಿನವಿಡೀ ಕೆಲಸ ನಡೆಯುತ್ತಿತ್ತು. ನಾಯಕರು ಹೇಳುವರು, ಕಾರ್ಯದರ್ಶಿಯು ಬರೆದುಕೊಳ್ಳುವನು. ಟೋಕಿಯೋದಲ್ಲಿ ಪ್ರಧಾನಿ ತೋಜೋರೊಡನೆ ನಡೆಯಬೇಕಾದ ಸಂವಾದದ ಅಭ್ಯಾಸವೂ ಆ ಇಕ್ಕಟ್ಟಿನಲ್ಲಿಯೇ ನಡೆಯಿತು. ತೋಜೋನ ಪಾತ್ರ ಹಸನರದು! ತಾಳಮದ್ದಳೆಯಲ್ಲಿ ಎದುರಾಳಿಯ ಅರ್ಥವನ್ನು ಹೇಳುವವರಂತೆ ಅವರು ಕಠಿಣ ಪ್ರಶ್ನೆಗಳನ್ನು ಎಸೆಯಬೇಕು, ನಾಯಕರು ಉತ್ತರಿಸಬೇಕು. ಒಮ್ಮೆ ನೌಕೆಯು ಮೇಲೆದ್ದು ಶತ್ರುಹಡಗಿನ ಬಾಯಿಗೆ ಬೀಳುವಂತಾಗಿ ಎಲ್ಲರೂ ಸಾವನ್ನು ಎದುರಿಗೇ ಕಂಡರು. ಹಸನರ ಕೈ ನಿಂತಿತು. ಸುಭಾಷರು ಮಾತ್ರ ಏನೂ ಆಗದವರಂತೆ, ತಾವು ಒಂದು ಅಂಶವನ್ನು ಎರಡು ಸಲ ಹೇಳಿದರೂ ಬರೆದುಕೊಂಡಿಲ್ಲವೆಂದು ಆಕ್ಷೇಪಿಸಿದರು. ಇದನ್ನು ಹಸನರು ಮುಂದೆ ಹಲವರಿಗೆ ಹೇಳುತ್ತಿದ್ದರು.

ಏಪ್ರಿಲ್ 18ರಂದು ಯು-180 ನೌಕೆಯು ದಕ್ಷಿಣ ಆಫ್ರಿಕದ ಬಳಿ ಕಾರ್ಬಿಸ್ ಎಂಬ ಬ್ರಿಟಿಷ್ ತೈಲನೌಕೆಯನ್ನು ಮುಳುಗಿಸಿತು. ಮಡಗಾಸ್ಕರಿನ ಆಚೆಯ ಕಡಲಿನಲ್ಲಿ ಜಪಾನಿನ ಐ-29 ಎಂಬ ಜಲಾಂತರ್ಗಾಮಿಯು ಕಾದಿತ್ತು. ಎರಡೂ ನೌಕೆಗಳು ಸಂಧಿಸಿದರೂ ಅಬ್ಬರಿಸುವ ಅಲೆಗಳಿಂದಾಗಿ ಹತ್ತಿರಕ್ಕೆ ಬರಲಾರದೆ ಕಾಯಬೇಕಾಯಿತು. ಏಪ್ರಿಲ್ 28ರಂದು ಇಬ್ಬರೂ ಒಂದು ರಬ್ಬರಿನ ತೆಪ್ಪದಲ್ಲಿ ಕುಳಿತು, ತೊಯ್ದು ತೊಪ್ಪೆಯಾಗಿ ಜಪಾನೀಯರ ನೌಕೆಯನ್ನು ಏರಿದರು. ಕೀಲ್ ಬಂದರನ್ನು ಬಿಟ್ಟು ಅಂದಿಗೆ 78 ದಿನಗಳಾಗಿದ್ದವು. ಮರುದಿನ ಜಪಾನಿನ ಚಕ್ರವರ್ತಿಯ ಜನ್ಮದಿನ; ಪೆನಾಂಗಿನಲ್ಲಿ ಕೊಂಡು ತಂದ ಭಾರತೀಯ ಮಸಾಲೆಗಳಿಂದ ಜಪಾನೀಯರು ಅಡುಗೆ ಮಾಡಿ ಬಡಿಸಿದರು. ಡೀಸೆಲ್ ರೊಟ್ಟಿಯನ್ನು ತಿಂದ ನಾಲಿಗೆಗಳಿಗೆ ಅದು ಹಬ್ಬವೇ ಸರಿ. ಮೇ ತಿಂಗಳ ಮೊದಲ ವಾರದಲ್ಲಿ ನೌಕೆಯು ಸುಮಾತ್ರದ ಬಳಿಯ ಸಬಾಂಗನ್ನು ಸೇರಿತು. ಮುಂದಿನ ವರ್ಷ 1944ರಲ್ಲಿ ಆ ಎರಡು ನೌಕೆಗಳೂ ಕಡಲಿನ ಪಾಲಾದವು.

ಲೇಖನಿಯನ್ನು ಕೆಳಗಿಟ್ಟ ಮೇಲೆ

1943ರ ಜುಲೈ 4ರಂದು ಸಿಂಗಪುರದ ಕ್ಯಾಥೆ ಭವನದಲ್ಲಿ ವೃದ್ಧ ರಾಸಬಿಹಾರಿ ಬೋಸರು ಸ್ವಾತಂತ್ರ್ಯ ಸಂಘದ ಭಾರವನ್ನು ಸುಭಾಷರಿಗೆ ಒಪ್ಪಿಸಿದರು. ಅತ್ತಾವರದ ಎಲ್ಲಪ್ಪನವರಂತಹ ಮುಂದಾಳುಗಳು ಬೆಳೆಸಿದ ಸಂಘಟನೆಗೆ ಹೊಸ ಜೀವ ಬಂದಿತು. ತಾತ್ಕಾಲಿಕ ಸರಕಾರಕ್ಕೆ ಒಂದು ರಾಷ್ಟ್ರಗೀತೆಯು ಬೇಕಾದಾಗ ‘ಜನಗಣಮನ’ವನ್ನು ಆಧರಿಸಿದ ಹಿಂದೂಸ್ತಾನಿ ಗೀತೆಯೊಂದು ಸಿದ್ಧವಾಯಿತು, ಅದರ ರಚನೆಯಲ್ಲಿ ಹಸನರ ಕೈಯಿದ್ದಿತು, ರಾಮಸಿಂಗ್ ಠಾಕುರಿಯವರು ವಾದ್ಯಗೋಷ್ಠಿಗೆ ಅಳವಡಿಸಿದರು.

ಅನಂತರ ಹಸನರು ಮೇಜರ್ ಆಗಿ ಗಾಂಧಿ ದಳದೊಡನೆ ಇಂಫಾಲದ ದಾರಿ ಹಿಡಿದರು. ಸಾಬರಮತಿಯಲ್ಲಿ ನೂಲು ತೆಗೆದ ಆಶ್ರಮದ ದಿನಗಳನ್ನು ಕಂಡವನು, ಗಾಂಧಿಯವರ ಹೆಸರನ್ನೇ ಹೊತ್ತ ದಳದಲ್ಲಿ ಕೋವಿ ಹಿಡಿದು ನಡೆದುದು ಕಾಲದ ವ್ಯಂಗ್ಯ. ಗುಟ್ಟಾದ ಕಡತಗಳನ್ನು ಕಾಯುವುದು ಬೇರೆ, ಹಸಿದ ಮನುಷ್ಯರನ್ನು ಕಾಯುವುದು ಬೇರೆ. ಕಾರ್ಯದರ್ಶಿಯು ತಪ್ಪಿದರೆ ಪತ್ರವೊಂದು ಕೆಡುತ್ತದೆ. ಅಧಿಕಾರಿಯು ತಪ್ಪಿದರೆ ತಾಯಂದಿರ ಮಕ್ಕಳು ಮಣ್ಣಾಗುತ್ತಾರೆ.

ಇಂಫಾಲವು ಇಂದೋ ನಾಳೆಯೋ ಬೀಳುವುದೆಂಬ ಭರವಸೆಯಲ್ಲಿ ಗಾಂಧಿ ದಳವು ಭಾರವಾದ ಆಯುಧಗಳನ್ನೂ ಸಾಮಗ್ರಿಗಳನ್ನೂ ಹಿಂದೆಯೇ ಬಿಟ್ಟು ಹೊರಟಿತ್ತು. ಒಬ್ಬೊಬ್ಬನ ಬಳಿ ಒಂದು ಕಂಬಳಿ, ಒಂದು ಕೋವಿ, 50 ತೋಟೆಗಳು. 1944ರ ಏಪ್ರಿಲ್ 14ರಂದು ಮೊಯಿರಾಂಗಿನಲ್ಲಿ ತ್ರಿವರ್ಣಧ್ವಜವು ಏರಿದ ಸುದ್ದಿ ಹುರುಪು ತಂದಿತು. ಮೇ ತಿಂಗಳಲ್ಲಿ ಪಾಲೇಲಿನ ವಿಮಾನನಿಲ್ದಾಣದ ಮೇಲೆ ದಾಳಿ ನಡೆಯಿತು, ಅದು ಕೈಗೂಡಲಿಲ್ಲ. ಇಂಫಾಲ ಬೀಳಲಿಲ್ಲ, ಬಿದ್ದುದು ಮಳೆ.

ಆಷಾಢದ ಮಳೆಯೆಂದರೇನೆಂಬುದನ್ನು ಮಂಗಳೂರಿನ ಮಕ್ಕಳೂ ಬಲ್ಲರು. ಅಂತಹ ಮಳೆಯು, ತಲೆಯ ಮೇಲೆ ಸೂರಿಲ್ಲದೆ, ಹೊಟ್ಟೆಯಲ್ಲಿ ಅನ್ನವಿಲ್ಲದೆ, ಮೈಯಲ್ಲಿ ಮಲೇರಿಯಾ ಜ್ವರವನ್ನು ಹೊತ್ತವರ ಮೇಲೆ ಹಗಲಿರುಳು ಸುರಿಯಿತು. ಔಷಧವಿಲ್ಲ. ದಾರಿಗಳು ಕೆಸರಿನ ಹೊಳೆಗಳಾದುವು; ಹೊಳೆಗಳು ದಾಟಲಾರದ ಕಡಲುಗಳಾದುವು. ಜುಲೈಯಲ್ಲಿ ಹಿಮ್ಮೆಟ್ಟುವ ಆಜ್ಞೆ ಬಂದಿತು. ಒಂದು ಲೆಕ್ಕದ ಪ್ರಕಾರ ಆ ರಂಗಕ್ಕೆ ಹೋದ ಸುಮಾರು 6,000 ಮಂದಿಯಲ್ಲಿ ಹಿಂದಿರುಗಿದವರು 2,600. ಅವರಲ್ಲಿಯೂ 2,000 ಮಂದಿ ನೇರವಾಗಿ ಆಸ್ಪತ್ರೆಯ ಪಾಲು. ಗುಂಡಿಗೆ ಸತ್ತವರು ಸುಮಾರು 400. ಹಸಿವು ರೋಗಗಳಿಗೆ ಸತ್ತವರು 1,500. ಉಳಿದವರು ಶರಣಾದರು, ಇಲ್ಲವೆ ಪಡೆಯನ್ನು ತೊರೆದರು.

ಎದುರು ಪಾಳೆಯದಲ್ಲಿದ್ದವರೂ ಬಹುಮಟ್ಟಿಗೆ ಭಾರತೀಯರೇ ಎಂಬುದನ್ನು ಮರೆಯುವಂತಿಲ್ಲ. ಅವರೂ ತಮ್ಮ ಕರ್ತವ್ಯವೆಂದು ತಿಳಿದುದನ್ನೇ ಮಾಡುತ್ತಿದ್ದರು. ಕೊಡಗಿನ ತಿಮ್ಮಯ್ಯನವರು ಅರಾಕಾನಿನಲ್ಲಿ ಬ್ರಿಟಿಷ್ ಭಾರತೀಯ ಸೇನೆಯ ದಳಾಧಿಪತಿ. ಅವರ ಅಣ್ಣ ಪೊನ್ನಪ್ಪನವರು ಆಜಾದ್ ಹಿಂದ್ ಫೌಜಿನಲ್ಲಿ. ಒಂದೇ ಮನೆಯ ಒಲೆಯ ಬೆಂಕಿಯು ಎರಡು ಕಡೆ ಉರಿದ ಕಾಲವದು.

ಹಸನರು ಕಲಕತ್ತೆಯ ನೇತಾಜಿ ಸಂಶೋಧನ ಸಂಸ್ಥೆಗಾಗಿ ಹಲವು ವರ್ಷಗಳ ಅನಂತರ ತಮ್ಮ ನೆನಪುಗಳನ್ನು ಹೇಳಿದಾಗ ಅದಕ್ಕೆ ಇಟ್ಟ ಹೆಸರು ‘ಇಂಫಾಲದಿಂದ ಬಂದವರು’ ಎಂಬರ್ಥದ್ದು. ಜಲಾಂತರ್ಗಾಮಿಯಲ್ಲಿ ನಾಯಕರೊಡನೆ ಕುಳಿತವನು ಆ ಸಾಹಸವನ್ನೇ ಜೀವನವಿಡೀ ಮೆರಸಬಹುದಾಗಿತ್ತು. ಆದರೆ ಅವರ ಮನಸ್ಸು ನೆಲೆಸಿದುದು ಆ ಕೆಸರಿನ ದಾರಿಯಲ್ಲಿ. ಬಲೂಚಿ, ಪಠಾಣ, ಸಿಖ್ಖ, ಅಸ್ಸಾಮಿ, ಮಲೆಯಾಳಿ ಎಂಬ ಭೇದವಿಲ್ಲದೆ ಒಬ್ಬನನ್ನೊಬ್ಬನು ಆತುಕೊಂಡು ನಡೆದ ಹೆಸರಿಲ್ಲದ ಸಿಪಾಯಿಗಳು ಅವರ ನೆನಪಿನ ನಾಯಕರು. ಇನ್ನೊಬ್ಬರ ಮಾತನ್ನು ಬರೆದುಕೊಂಡ ಕೈಗೆ ತನ್ನದೆಂಬ ಮಾತು ದೊರೆತುದು ಅಲ್ಲಿಯೇ.

ವಿಮಾನದಲ್ಲಿ ಎರಡೇ ಆಸನ

1945ರ ಆಗಸ್ಟ್ 15ರಂದು ಜಪಾನು ಶರಣಾಗತಿಯನ್ನು ಸಾರಿತು. ಆಗಸ್ಟ್ 17ರಂದು ಸುಭಾಷರು ಕೆಲವು ಮಂದಿ ಆಪ್ತರೊಡನೆ ಬ್ಯಾಂಕಾಕಿನಿಂದ ಸೈಗಾನಿಗೆ ಬಂದರು. ಅವರಲ್ಲಿ ಹಸನರೂ ಇದ್ದರು. ಮುಂದಿನ ಪ್ರಯಾಣಕ್ಕೆ ಜಪಾನೀಯರ ಯುದ್ಧವಿಮಾನದಲ್ಲಿ ಸ್ಥಳವಿಲ್ಲ. ಮೊದಲು ಒಂದೇ ಆಸನವೆಂದರು. ಬಹಳ ಒತ್ತಾಯದ ಮೇಲೆ ಇನ್ನೊಂದನ್ನು ಕೊಟ್ಟರು. ಆ ಎರಡನೆಯ ಆಸನಕ್ಕೆ ನಾಯಕರು ಆರಿಸಿದುದು ಕರ್ನಲ್ ಹಬೀಬುರ್ ರಹಮಾನರನ್ನು. ಹಸನರು ಎಸ್. ಎ. ಅಯ್ಯರ್ ಮೊದಲಾದವರೊಡನೆ ಹಿಂದುಳಿದರು. ಮರುದಿನ ತೈಹೋಕುವಿನಲ್ಲಿ ಆ ವಿಮಾನವು ಅಪಘಾತಕ್ಕೀಡಾಯಿತು. ಇಬ್ಬರೇ ಭಾರತೀಯರಿದ್ದ ಜಲಯಾನದಲ್ಲಿ ಎರಡನೆಯವನಾಗಿದ್ದವನಿಗೆ, ಇಬ್ಬರೇ ಭಾರತೀಯರಿದ್ದ ಕೊನೆಯ ವಾಯುಯಾನದಲ್ಲಿ ಸ್ಥಳವಿರಲಿಲ್ಲ. ಬದುಕಿ ಉಳಿದುದನ್ನು ಭಾಗ್ಯವೆನ್ನಬೇಕೋ, ಕೈಬಿಟ್ಟುಹೋದುದನ್ನು ದುಃಖವೆನ್ನಬೇಕೋ, ಆ ತೂಕವನ್ನು ಅವರೊಬ್ಬರೇ ಬಲ್ಲರು.

ಬಂಧನದ ಬಳಿಕ 1946ರಲ್ಲಿ ಬಿಡುಗಡೆಯಾಗಿ ಬಂದಾಗ ದೇಶದ ತುಂಬ ‘ಜಯ ಹಿಂದ್’ ಮೊಳಗುತ್ತಿತ್ತು. ಕೆಂಪುಕೋಟೆಯಲ್ಲಿ ನಡೆದ ಷಾ ನವಾಜ್, ಸೆಹಗಲ್, ಧಿಲ್ಲೋನರ ವಿಚಾರಣೆಯು ಮನೆಮನೆಯ ಮಾತಾಗಿತ್ತು. ಆದರೂ ಸ್ವತಂತ್ರ ಭಾರತದ ಸರಕಾರವು ಆಜಾದ್ ಹಿಂದ್ ಫೌಜಿನವರನ್ನು ಸೇನೆಗೆ ಮರಳಿ ಸೇರಿಸಿಕೊಳ್ಳಲಿಲ್ಲ. ಸಿಪಾಯಿಗಳ ಶಿಸ್ತು ಒಡೆಯಬಾರದೆಂಬುದು ಅಂದಿನ ವಾದ. ಬರ್ಮಾದ ಕಾಡಿನಲ್ಲಿ ಸವೆದು ಬಂದವರಿಗೆ ಆ ವಾದವು ಹೇಗೆ ಕೇಳಿಸಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಹಸನರಿಗೆ ಬೇರೊಂದು ಬಾಗಿಲು ತೆರೆಯಿತು. 1948ರಲ್ಲಿ ಅವರು ವಿದೇಶಾಂಗ ಸೇವೆಯನ್ನು ಸೇರಿ ಹಲವು ದೇಶಗಳಲ್ಲಿ ದುಡಿದು, ಡೆನ್ಮಾರ್ಕಿನಲ್ಲಿ ಭಾರತದ ರಾಯಭಾರಿಗಳಾಗಿ, 1969ರಲ್ಲಿ ನಿವೃತ್ತರಾದರು. ಹೈದರಾಬಾದಿಗೆ ಮರಳಿ ಸದ್ದಿಲ್ಲದೆ ಬಾಳಿ, 1984ರಲ್ಲಿ ತೀರಿಕೊಂಡರು. ಅವರ ಅಣ್ಣ ಬದ್ರುಲ್ ಹಸನರ ಮಗಳು ಸುರಯ್ಯಾ ಅವರು ನೇತಾಜಿಯವರ ಅಣ್ಣನ ಮಗನಾದ ಅರವಿಂದ ಬೋಸರನ್ನು ಮದುವೆಯಾದರು. ಹಿಮ್ರೂ, ಪೈಠಣಿ ಮೊದಲಾದ ಅಳಿಯುತ್ತಿದ್ದ ನೇಯ್ಗೆಗಳನ್ನು ಉಳಿಸಿದ ಕೀರ್ತಿ ಅವರದು. ನೇಕಾರರ ಮಕ್ಕಳು ಓದುವ ಅಲ್ಲಿನ ಶಾಲೆಗೆ ಸಫ್ರಾನಿಯವರ ಹೆಸರಿದೆ.

ಸ್ವತಂತ್ರ ಭಾರತವು ತನ್ನ ಮೊದಲ ಅಂಚೆಚೀಟಿಯನ್ನು 1947ರ ನವೆಂಬರ್ 21ರಂದು ಹೊರತಂದಿತು. ಬೆಲೆ ಮೂರೂವರೆ ಆಣೆ. ಅದರಲ್ಲಿರುವುದು ತ್ರಿವರ್ಣಧ್ವಜದ ಚಿತ್ರ, ಮೇಲೆ ನಾಗರಿಯಲ್ಲಿ ‘ಜಯ ಹಿಂದ್’ ಎಂಬ ಎರಡು ಪದಗಳು. ಆ ಚೀಟಿಯನ್ನು ಅಂಟಿಸಿದ ಲಕೋಟೆಗಳು ಅತ್ತಾವರಕ್ಕೂ ಬಂದಿರಬೇಕು, ಹೈದರಾಬಾದಿಗೂ ಹೋಗಿರಬೇಕು. ತೆರೆದು ಓದಿದವರಲ್ಲಿ ಎಷ್ಟು ಮಂದಿ ಆ ಪದಗಳನ್ನು ಬಳಕೆಗೆ ತಂದವರಾರೆಂದು ಕೇಳಿದ್ದಾರು? ಒಕ್ಕಣೆಯು ಒಬ್ಬರದು, ಸಹಿಯು ಇಡೀ ದೇಶದ್ದು.